ಧರ್ಮ ಕಳೆದುಕೊಂಡ ಕೆಲಸಗಳು

ನಾನು ದೇವರನ್ನು ನಂಬುವವನಲ್ಲ. ಮುಂದಿನದನ್ನು ಓದಿ ಯಾರೂ ನನ್ನನ್ನು ಭಕ್ತರ ಪಟ್ಟಿಗೆ ಸೇರಿಸಬಾರದೆಂದು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು ಶೇ 46.2. ಅಲ್ಲಿ ಈ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದದ್ದು ಅದೇ ಮೊದಲು. ‘ಯಾವ ಧರ್ಮವೂ ಇಲ್ಲ’ ಎಂದವರು ಶೇ 37.2, ಹತ್ತು ವರ್ಷಗಳ ಹಿಂದೆ ಅವರು ಕಾಲು ಭಾಗದಷ್ಟಿದ್ದರು. ಇಂಥ ಅಂಕಿ ಹೊರಬಿದ್ದಾಗಲೆಲ್ಲ ನನ್ನ ವಿಚಾರವಾದಿ ಗೆಳೆಯರು ವಿಜ್ಞಾನ ಗೆದ್ದಿತೆಂದು ಬೀಗುತ್ತಾರೆ. ಡಾರ್ವಿನ್‌ನನ್ನು ಓದಿ ಚರ್ಚ್ ಬಿಟ್ಟವರು ಎಷ್ಟು ಜನ ಇದ್ದಾರು? ಬಹುಪಾಲು ಜನ ಯಾವ ವಾದವನ್ನೂ ಮಾಡಲಿಲ್ಲ. ಅಲ್ಲಿಗೆ ಹೋಗಬೇಕಾದ ಕೆಲಸವೇ ಅವರಿಗೆ ಉಳಿದಿರಲಿಲ್ಲ.

ಆ ಕೆಲಸಗಳನ್ನು ನೆನೆಯಿರಿ. ಇಂಗ್ಲೆಂಡಿನಲ್ಲಿ 1538ರಿಂದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಎಲ್ಲವೂ ದಾಖಲಾಗುತ್ತಿದ್ದದ್ದು ಚರ್ಚಿನ ದಫ್ತರದಲ್ಲಿ. 1837ರಲ್ಲಿ ಸರ್ಕಾರ ತನ್ನದೇ ನೋಂದಣಿ ಕಚೇರಿ ತೆರೆಯಿತು. ಫ್ರಾನ್ಸಿನಲ್ಲಿ ಕ್ರಾಂತಿಯ ಸರ್ಕಾರ 1792ರಲ್ಲಿಯೇ ಇದನ್ನು ಪಾದ್ರಿಗಳ ಕೈಯಿಂದ ಕಿತ್ತುಕೊಂಡಿತ್ತು. ಆಮೇಲೆ ಶಾಲೆ ಹೋಯಿತು, ಆಸ್ಪತ್ರೆ ಹೋಯಿತು, ಬಡವರಿಗೆ ಅನ್ನ ಹಾಕುವ ಹೊಣೆಯೂ ಹೋಯಿತು. ದೇವರೇ ಇಲ್ಲವೆಂದು ಯಾರೂ ಸಾಧಿಸಬೇಕಾಗಲಿಲ್ಲ, ಗುಮಾಸ್ತರು ಸಾಕಾದರು.

ಜರ್ಮನಿಯಲ್ಲಂತೂ ನಂಬಿಕೆಗೂ ಕಚೇರಿಗೂ ನಂಟು ಇನ್ನೂ ಹರಿದಿಲ್ಲ. ಚರ್ಚಿನ ಸದಸ್ಯರು ಆದಾಯ ತೆರಿಗೆಯ ಶೇ 8 ಅಥವಾ 9ರಷ್ಟನ್ನು ಚರ್ಚ್ ತೆರಿಗೆಯಾಗಿ ಕಟ್ಟಬೇಕು. ಬೇಡವೆನ್ನುವವರು ಸರ್ಕಾರಿ ಕಚೇರಿಗೆ ಹೋಗಿ ಚರ್ಚ್ ಬಿಟ್ಟೆನೆಂದು ಘೋಷಿಸಬೇಕು. (ಶ್ರದ್ಧೆ ಕಳೆದುಕೊಳ್ಳುವುದಕ್ಕೂ ಸಹಿ, ಮೊಹರು!) 2022ರ ಒಂದೇ ವರ್ಷದಲ್ಲಿ ಕ್ಯಾಥೊಲಿಕ್ ಚರ್ಚನ್ನು ಹೀಗೆ ತೊರೆದವರು ಐದು ಲಕ್ಷಕ್ಕೂ ಹೆಚ್ಚು. ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯ, ಅದನ್ನು ಮುಚ್ಚಿಟ್ಟ ಹಿರಿಯರು, ಇವೆಲ್ಲ ಬಯಲಾದ ಮೇಲೆ ಆ ಸಾಲು ಬೆಳೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಾಗೆಂದು ಧರ್ಮದ ಕಥೆ ಮುಗಿಯಿತೆನ್ನುವ ಧೈರ್ಯ ನನಗಿಲ್ಲ. ಇಪ್ಪತ್ತೊಂದನೆಯ ಶತಮಾನದ ಹೊತ್ತಿಗೆ ಧರ್ಮ ಅಲ್ಲೊಂದು ಇಲ್ಲೊಂದು ಸಣ್ಣ ಗುಂಪಿನಲ್ಲಷ್ಟೇ ಉಳಿದೀತೆಂದು ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ 1968ರಲ್ಲಿ ಭವಿಷ್ಯ ನುಡಿದಿದ್ದರು. 1999ರ ಹೊತ್ತಿಗೆ ಅವರೇ ಆ ಮಾತನ್ನು ಹಿಂದಕ್ಕೆ ಪಡೆದರು. ಪಂಡಿತರಲ್ಲಿ ಅಪರೂಪದ ಗುಣ ಇದು. ಪ್ರಾರ್ಥನೆ ತೆಳುವಾದ ಕಡೆಗಳಲ್ಲೂ ‘ನಾವು’, ‘ಅವರು’ ಎಂದು ಬೇರ್ಪಡಿಸುವ ಗುರುತಾಗಿ ಧರ್ಮ ಗಟ್ಟಿಯಾಗಿಯೇ ಇದೆ. ಕನ್ನಡದಲ್ಲಿ ಧರ್ಮಕ್ಕೂ ಓಟಿಗೂ ‘ಮತ’ ಎಂಬ ಒಂದೇ ಪದವಿರುವುದು ಸುಮ್ಮನೆ ಅಲ್ಲವೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ನನ್ನನ್ನು ಕಾಡುವುದು ಬೇರೆಯದು. ಯಾವ ಗುಮಾಸ್ತನೂ ವಹಿಸಿಕೊಳ್ಳದ ಒಂದು ಕೆಲಸ ಉಳಿದಿದೆ. ಕಳೆದ ವರ್ಷ ಗೆಳೆಯನೊಬ್ಬನ ತಂದೆ ತೀರಿಕೊಂಡರು. ಕಟ್ಟಾ ನಾಸ್ತಿಕರು, ಯಾವ ಸಂಸ್ಕಾರವೂ ಬೇಡವೆಂದಿದ್ದರು. ಅದರಂತೆಯೇ ನಡೆಯಿತು. ಇಬ್ಬರು ಮಾತನಾಡಿದರು. ಆಮೇಲೆ ಐವತ್ತು ಜನ ಕೈ ಎಲ್ಲಿಡಬೇಕೆಂದು ತೋಚದೆ ನಿಂತೆವು. ಹತ್ತು ನಿಮಿಷಕ್ಕೆ ಮೊಬೈಲ್‌ಗಳು ಹೊರಬಂದವು. ಗೆಳೆಯ ಒಬ್ಬನೇ ಒಂದು ಮೂಲೆಯಲ್ಲಿದ್ದ. ಅವನ ಬಳಿ ಯಾವಾಗ ಹೋಗಬೇಕು, ಏನು ಹೇಳಬೇಕು ಎಂದು ನಮಗಾರಿಗೂ ಯಾರೂ ಕಲಿಸಿರಲಿಲ್ಲ. ಅರ್ಥವಾಗದ ಮಂತ್ರವೇ ಆಗಲಿ, ಅಷ್ಟು ಹೊತ್ತು ಎಲ್ಲರನ್ನೂ ಒಂದೇ ಕಡೆ ಹಿಡಿದು ನಿಲ್ಲಿಸುತ್ತಿತ್ತು ಎಂಬ ಯೋಚನೆ ನನ್ನಂಥವನಿಗೇ ಬಂತು.

2013ರಲ್ಲಿ ಲಂಡನ್ನಿನಲ್ಲಿ ಇಬ್ಬರು ಹಾಸ್ಯ ಕಲಾವಿದರು ‘ಸಂಡೇ ಅಸೆಂಬ್ಲಿ’ ಎಂಬ ದೇವರಿಲ್ಲದ ಭಾನುವಾರದ ಸಭೆ ಶುರುಮಾಡಿದರು. ಹಾಡು, ಭಾಷಣ, ಚಹಾ ಎಲ್ಲ ಇತ್ತು. ದೇಶ ದೇಶಗಳಿಗೆ ಹಬ್ಬಿತು. ಕೆಲವೇ ವರ್ಷಗಳಲ್ಲಿ ಹಲವು ಶಾಖೆಗಳು ಮುಚ್ಚಿದವು. ಹಾಡು ಬರೆಯಬಹುದು, ಆದರೆ ಅಜ್ಜಿಯ ಬಾಯಲ್ಲೂ ಅದೇ ಹಾಡಿತ್ತು ಎಂಬ ನೆನಪನ್ನು ಎಲ್ಲಿಂದ ತರುವುದು?

ನನ್ನ ಸರದಿ ಬಂದಾಗ ಏನು ಮಾಡಬೇಕೆಂದು ಮನೆಯವರಿಗಾಗಿ ಬರೆದಿಡಲು ಮೊನ್ನೆ ಕುಳಿತೆ. ‘ಯಾವ ವಿಧಿಯೂ ಬೇಡ’ ಎಂಬ ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯ ಸಾಲು ಇನ್ನೂ ಬಂದಿಲ್ಲ.