ಹತ್ತು ಜನ ಸೇರಲೇಬೇಕು

ಶುಕ್ರವಾರ ಹೊತ್ತು ಮುಳುಗುವ ಮುಂಚೆ ನಮ್ಮ ಎದುರು ಮನೆಯ ಯಹೂದಿ ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮ) ಒಂದು ಗಾಜಿನ ಲೋಟಕ್ಕೆ ಅರ್ಧ ನೀರು ಹಾಕುತ್ತಾರೆ. ನೀರಿನ ಮೇಲೆ ಕೊಬ್ಬರಿ ಎಣ್ಣೆ. ಎಣ್ಣೆಯಲ್ಲಿ ಬತ್ತಿ. ದೀಪ ಹಚ್ಚಿ, ಸೆರಗು ತಲೆ ಮೇಲೆ ಎಳೆದುಕೊಂಡು, ಎರಡೂ ಕೈಯಿಂದ ಕಣ್ಣು ಮುಚ್ಚಿ ಹೀಬ್ರೂನಲ್ಲಿ ಒಂದೆರಡು ಮಾತು ಹೇಳುತ್ತಾರೆ. ಆಮೇಲೆ ಮಗ ಒಂದು ಬಟ್ಟಲು ಎತ್ತಿ ಪ್ರಾರ್ಥನೆ ಹೇಳುತ್ತಾನೆ. ಬಟ್ಟಲಲ್ಲಿ ಇರೋದು ವೈನ್ ಅಲ್ಲ. ಕಪ್ಪು ಒಣದ್ರಾಕ್ಷಿ ನೆನೆಸಿ, ಹಿಂಡಿ, ಸೋಸಿದ ಶರಬತ್ತು. ಎಲ್ಲರೂ ಒಂದೊಂದು ಗುಟುಕು ಕುಡಿದು ಊಟಕ್ಕೆ ಕೂರುತ್ತಾರೆ. ಇಷ್ಟೇ. ಹೆಚ್ಚೆಂದರೆ ಕಾಲು ಗಂಟೆಯ ಕೆಲಸ.

ಇಪ್ಪತ್ತೊಂದು ವರ್ಷದಿಂದ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿದ್ದೇನೆ. ಈ ಮನೆಗೆ ಬಂದು ಹದಿನಾಲ್ಕು ವರ್ಷ. ಮಳೆಗಾಲದಲ್ಲಿ ಲೋಕಲ್ ಟ್ರೈನ್ ನಿಂತ ದಿನವೂ ಆ ದೀಪ ಉರಿದಿದೆ. ಅವರ ಯಜಮಾನರು ತೀರಿಕೊಂಡ ವರ್ಷವೂ ಉರಿದಿದೆ. ನಾನು ಮೈಸೂರು ಕಡೆಯವನು. ನಮ್ಮ ಮನೆಯಲ್ಲಿ ಹೀಗೆ ವಾರವಾರವೂ ತಪ್ಪದೆ ಕನ್ನಡದ್ದು ಅಂತ ಏನು ನಡೆಯುತ್ತೆ ಅಂತ ಒಂದಿನ ಕೂತು ಯೋಚಿಸಿದೆ. ಉತ್ತರ ಸಿಗಲಿಲ್ಲ. ಈ ಬರಹ ಅದರಿಂದಲೇ ಹುಟ್ಟಿದ್ದು.

ಮಾವ್ಶಿಯವರದು ಬೆನೆ ಇಸ್ರೇಲ್ ಸಮುದಾಯ, ಕೊಂಕಣದ ಯಹೂದಿಗಳು. ಮನೆಮಾತು ಮರಾಠಿ. ಇವರ ಹಿರಿಯರ ಹಡಗು ಅಲಿಬಾಗ್ ಹತ್ತಿರದ ನವಗಾಂವ್ ಎದುರಿನ ಕಡಲಲ್ಲಿ ಒಡೆದು, ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರು ಅಂತ ಅವರಲ್ಲಿ ಕಥೆಯಿದೆ. ಪುಸ್ತಕ, ಗ್ರಂಥ ಎಲ್ಲ ಸಮುದ್ರದ ಪಾಲು. ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆದು ಬದುಕಿದರು. ಹೀಬ್ರೂ ಮರೆತುಹೋಯಿತು. ಆದರೆ ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಮಾತ್ರ ಗಾಣ ತಿರುಗಿಸಲಿಲ್ಲ. ಅದಕ್ಕೇ ಊರವರು ಇವರನ್ನು ‘ಶನಿವಾರ್ ತೇಲಿ’ ಅಂದರು. ಶನಿವಾರದ ಗಾಣಿಗರು ಅಂತ. ಪೇಣ್‌ನವರು ಪೇಣ್‌ಕರ್, ರೋಹಾದವರು ರೋಹೇಕರ್ ಆದರು. ಹೆಸರು ಕೇಳಿದರೆ ಪಕ್ಕಾ ಮರಾಠಿ.

ಮುಂದೆ ಡೇವಿಡ್ ರಹಾಬಿ ಅನ್ನೋ ಯಹೂದಿ ಇವರ ಊರಿಗೆ ಬಂದನಂತೆ. ಯಾವ ಕಾಲ ಅನ್ನೋದಕ್ಕೆ ಒಮ್ಮತವಿಲ್ಲ. ಇವರು ನಿಜಕ್ಕೂ ಯಹೂದಿಗಳೇನಾ ಅಂತ ನೋಡಬೇಕಿತ್ತು. ಹೆಂಗಸರ ಕೈಗೆ ಬೇರೆ ಬೇರೆ ಜಾತಿಯ ಮೀನು ಕೊಟ್ಟು ಅಡುಗೆ ಮಾಡಿ ಅಂದ. ಅವರು ರೆಕ್ಕೆ, ಹುರುಪೆ ಎರಡೂ ಇರುವ ಮೀನು ಮಾತ್ರ ಆರಿಸಿ, ಮಿಕ್ಕಿದ್ದನ್ನು ಪಕ್ಕಕ್ಕಿಟ್ಟರು. ಗ್ರಂಥದಲ್ಲಿ ಇರುವುದೂ ಅದೇ ನಿಯಮ. ಓದಿ ತಿಳಿದದ್ದಲ್ಲ, ಅಮ್ಮನ ಕೈ ನೋಡಿ ಕಲಿತದ್ದು. ಆ ಒಂದು ಮೀನಿನಿಂದ ಅವರು ಯಾರು ಅನ್ನೋದು ಅವನಿಗೆ ಗೊತ್ತಾಯಿತು. ಇದು ಬರೀ ಕಥೆಯೇ ಇರಬಹುದು. ಆದರೂ ಇದನ್ನು ಕೇಳಿದಾಗಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಅವರ ಹಬ್ಬಗಳ ಹಳೆಯ ಹೆಸರು ಕೇಳಿ. ಹೊಸ ವರ್ಷಕ್ಕೆ ‘ನವ್ಯಾಚಾ ಸಣ್’. ಪಾಪಕ್ಕೆ ಕ್ಷಮೆ ಬೇಡುವ ಯೋಮ್ ಕಿಪ್ಪುರ್ ದಿನಕ್ಕೆ ‘ದಾರ್‌ಫಾಳ್ಣೀಚಾ ಸಣ್’, ಬಾಗಿಲು ಮುಚ್ಚುವ ಹಬ್ಬ. ಅವತ್ತು ಬೆಳ್ಳಗಿನ ಬಟ್ಟೆ ಹಾಕಿ, ಉಪವಾಸ ಮಾಡಿ, ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದರು. ಜೆರುಸಲೇಮಿನ ದೇವಾಲಯ ನಾಶವಾದ ದುಃಖದ ಉಪವಾಸಕ್ಕೆ ‘ಬಿರ್ಡ್ಯಾಚಾ ರೋಜಾ’. ಬಿರ್ಡೆ ಅಂದರೆ ವಾಲ್ ಕಾಳನ್ನು ಮೊಳಕೆ ಕಟ್ಟಿ, ಸಿಪ್ಪೆ ಹಿತುಕಿ ಮಾಡುವ ಸಾರು. ಒಮ್ಮೆ ಮಾವ್ಶಿ ಸ್ಟೀಲ್ ಪಾತ್ರೆ ಮುಂದಿಟ್ಟುಕೊಂಡು ಕಾಳು ಹಿತುಕುತ್ತಾ ಕೂತಿದ್ದರು. ಬೆರಳು ಒತ್ತಿದರೆ ಪುಳಕ್ಕನೆ ಬೇಳೆ ಆಚೆ. ನನ್ನ ಹೆಂಡತಿ ಪಕ್ಕದಲ್ಲೇ ಕೂತಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರೆಕಾಯಿ ಕಾಲದಲ್ಲಿ ನಮ್ಮ ಜಗಲಿ ಮೇಲೆ ಮನೆಮಂದಿಯೆಲ್ಲ ಕೂತು ಮಾಡುವ ಕೆಲಸವೇ ಅದು. ಎರಡು ಸಾವಿರ ವರ್ಷದ ಹಿಂದೆ ಕಳೆದುಕೊಂಡದ್ದಕ್ಕೆ ದುಃಖಪಡುವ ಉಪವಾಸ, ಅದಕ್ಕೆ ಕೊಂಕಣದ ಹಿತುಕಿದ ಬೇಳೆಯ ಹೆಸರು! ಹೊರಗಿನ ನೆಲದಲ್ಲಿ ಬೇರು ಬಿಡೋದು ಅಂದರೆ ಇದೇ ಅಲ್ವಾ? ಬಂದ ನೆಲದ್ದನ್ನು ತಗೊಂಡರು, ತಮ್ಮದನ್ನು ಬಿಡಲಿಲ್ಲ.

ಮನೆಯಲ್ಲಿ ಒಳ್ಳೆಯದೇನಾದರೂ ಆದರೆ ಮಲೀದಾ ಮಾಡುತ್ತಾರೆ. ದೊಡ್ಡ ತಟ್ಟೆಯಲ್ಲಿ ಸಿಹಿ ಅವಲಕ್ಕಿ, ಕಾಯಿತುರಿ, ದ್ರಾಕ್ಷಿ, ಏಲಕ್ಕಿ, ಸುತ್ತ ಹಣ್ಣು. ಎಲಿಯಾಹು ಪ್ರವಾದಿಯ ಹಾಡು ಹೇಳಿ ಹಂಚುತ್ತಾರೆ. ನನ್ನ ಮಗಳು ಹತ್ತನೇ ಕ್ಲಾಸು ಪಾಸಾದಾಗ ಮಾವ್ಶಿ ನಮಗೂ ಒಂದು ತಟ್ಟೆ ಕಳಿಸಿದ್ದರು. ನಮ್ಮಮ್ಮ ಕೃಷ್ಣ ಜನ್ಮಾಷ್ಟಮಿಗೆ ಮಾಡುವ ಅವಲಕ್ಕಿಯದೇ ರುಚಿ.

ಈಗ ನಮ್ಮ ಕಡೆಗೆ ಬರೋಣ. 2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು ಸುಮಾರು 10 ಲಕ್ಷ. ಇಡೀ ಭಾರತದಲ್ಲಿ ಯಹೂದಿಗಳು ಈಗ ನಾಲ್ಕೈದು ಸಾವಿರ. 1951ರ ಜನಗಣತಿಯಲ್ಲಿ ಸುಮಾರು 26 ಸಾವಿರ ಇದ್ದರು, ಹೆಚ್ಚಿನವರು ಇಸ್ರೇಲಿಗೆ ಹೋದರು. ಮುಂಬಯಿಯಲ್ಲಿ ನಮಗೆ ಏನಿಲ್ಲ ಹೇಳಿ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಮಾಟುಂಗದಲ್ಲಿದೆ. ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ. ಕನ್ನಡ ದಿನಪತ್ರಿಕೆ ಇದೆ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ ಊರು ಇದು. ಆ ಹಿರಿಯರಿಗೆ ಕೈಮುಗಿಯುತ್ತೇನೆ.

ಆದರೆ ನಮ್ಮ ಪೀಳಿಗೆ ಮಾಡುತ್ತಿರೋದು ಏನು? ನವೆಂಬರ್ ಬಂದರೆ ಹಾಲ್ ಬುಕ್ ಮಾಡುತ್ತೇವೆ. ಶಾಲು, ಹಾರ, ಪೇಟ, ಫಲತಾಂಬೂಲ. ಸ್ವಾಗತ ಭಾಷಣವೇ ಮುಕ್ಕಾಲು ಗಂಟೆ. ಮಕ್ಕಳಿಗೆ ಕನ್ನಡ ಹಾಡಿನ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟು ವೇದಿಕೆ ಹತ್ತಿಸುತ್ತೇವೆ. ಮಾರನೇ ದಿನದಿಂದ ಮುಂದಿನ ನವೆಂಬರ್‌ವರೆಗೆ ಮನೆಯಲ್ಲಿ ಹಿಂದಿ, ಇಂಗ್ಲಿಷ್. ಅಜ್ಜಿ ಫೋನ್ ಮಾಡಿದರೆ ಮಗು ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡುತ್ತದೆ. ಕೊಡುತ್ತಾ ಕೊಡುತ್ತಾ ಅಜ್ಜಿಗೂ ಅಭ್ಯಾಸ ಆಗಿಬಿಡುತ್ತದೆ. ನನಗೆ ಸಂಕಟ ಆಗೋದು ಇಲ್ಲಿ. ರಾಜ್ಯೋತ್ಸವ ಬೇಡ ಅಂತ ನಾನು ಹೇಳುತ್ತಿಲ್ಲ. ಅದೊಂದೇ ಸಾಕು ಅಂದುಕೊಂಡಿದ್ದೇವಲ್ಲ, ಅದು ತಪ್ಪು.

ಇನ್ನೊಂದು ಮಾತೂ ಇದೆ. ಅವರಿಗೆ ಧರ್ಮ ಇದೆ, ನಿಯಮ ಇದೆ. ನಮಗೆ ಹಾಗಲ್ಲ. ಹೊರನಾಡಿನ ಕನ್ನಡಿಗರಲ್ಲಿ ಹಿಂದೂ, ಮುಸ್ಲಿಂ, ಜೈನ, ಕ್ರೈಸ್ತ ಎಲ್ಲರೂ ಇದ್ದಾರೆ. ನಮ್ಮೆಲ್ಲರನ್ನೂ ಕಟ್ಟಿಹಾಕುವ ದಾರ ಅಂದರೆ ಮಾತೊಂದೇ. ಬೆನೆ ಇಸ್ರೇಲಿಗರು ಹೀಬ್ರೂ ಮರೆತರೂ ಯಹೂದಿಗಳಾಗಿ ಉಳಿದರು, ಶನಿವಾರ ಇತ್ತು, ಮೀನಿನ ನಿಯಮ ಇತ್ತು. 1846ರಲ್ಲೇ ಮುಂಬಯಿಯಲ್ಲಿ ಪಾಸೋವರ್ (ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆ ನೆನೆಯುವ) ಹಬ್ಬದ ಪುಸ್ತಕ ಮರಾಠಿ ಅನುವಾದದ ಜೊತೆ ಅಚ್ಚಾಯಿತು. ಮಾತು ಬದಲಾದರೂ ಅವರಿಗೆ ನಡೆಯಿತು. ಕನ್ನಡ ಮರೆತ ಮೇಲೆ ನಮ್ಮ ಮಕ್ಕಳಿಗೆ ಉಳಿಯುವುದೇನು? ಬಿಸಿಬೇಳೆಬಾತ್ ಪುಡಿಯೊಂದು ಉಳಿಯಬಹುದು.

ಅವರಿಂದ ಕಲಿಯಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿರುವುದು ‘ಮಿನ್ಯಾನ್’. ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಸಾಮೂಹಿಕ ಪ್ರಾರ್ಥನೆ ನಡೆಯಬೇಕಾದರೆ ಹದಿಮೂರು ದಾಟಿದ ಹತ್ತು ಗಂಡಸರು ಇರಲೇಬೇಕು. ಒಂಬತ್ತೇ ಜನ ಇದ್ದರೆ ಕೆಲವು ಪ್ರಾರ್ಥನೆ ಹೇಳುವ ಹಾಗೇ ಇಲ್ಲ. ಠಾಣೆಯಲ್ಲಿ 1879ರ ಸಿನಗಾಗ್ ಇದೆ, ಶಾರ್ ಹಶಮಾಯಿಮ್, ‘ಸ್ವರ್ಗದ ಬಾಗಿಲು’ ಅಂತ ಅರ್ಥ. ಇಲ್ಲಿ ಯಹೂದಿಗಳು ಸ್ವಲ್ಪ ಜಾಸ್ತಿ ಇದ್ದಾರೆ, ಜನ ಸೇರುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಕಷ್ಟ. ಇಲ್ಲೂ ಕೆಲವು ದಿನ ಒಬ್ಬರು ಕಮ್ಮಿ ಬೀಳುತ್ತಾರೆ. ಮಾವ್ಶಿಯ ಮಗ ಎಷ್ಟೋ ಸಲ ಬೆಳಗ್ಗೆ ಬೆಳಗ್ಗೆ ಬೈಕ್ ಹತ್ತಿ ಹೊರಡುತ್ತಾನೆ. "ಏನಪ್ಪಾ ಇಷ್ಟು ಬೇಗ" ಅಂದರೆ, "ಒಂಬತ್ತೇ ಜನ ಇದ್ದಾರಂತೆ ದಾದಾ, ಫೋನ್ ಬಂತು" ಅನ್ನುತ್ತಾನೆ. ಅವನು ದೊಡ್ಡ ವಿದ್ವಾಂಸನಲ್ಲ, ದೊಡ್ಡ ದಾನಿಯೂ ಅಲ್ಲ. ಆದರೆ ಅವತ್ತು ಅವನು ಹೋಗದಿದ್ದರೆ ಪ್ರಾರ್ಥನೆ ಇಲ್ಲ. ನಮ್ಮ ಸಂಘದ ಕಾರ್ಯಕ್ರಮಕ್ಕೆ ನಾನು ಹೋಗದಿದ್ದರೆ ಒಂದು ಕುರ್ಚಿ ಖಾಲಿ ಇರುತ್ತದೆ, ಅಷ್ಟೇ. ನೀನು ಬರದಿದ್ದರೆ ನಡೆಯೋದೇ ಇಲ್ಲ ಅಂತ ಹದಿಮೂರರ ಹುಡುಗನಿಗೆ ನಾವು ಯಾವತ್ತಾದರೂ ಹೇಳಿದ್ದೇವಾ?

ಇದೇ ಲೆಕ್ಕದಲ್ಲಿ ಅವಮಾನವೂ ಆಗಿದೆ. ಇರಾಕ್ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಬಾಗ್ದಾದಿ ಯಹೂದಿಗಳಲ್ಲಿ ಎಷ್ಟೋ ಮಂದಿ ಬೆನೆ ಇಸ್ರೇಲಿಗರನ್ನು ಆ ಹತ್ತರಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಮೈಬಣ್ಣ ಬೇರೆ, ವಂಶ ಸಂಶಯ ಅಂತ. ಬೆನೆ ಇಸ್ರೇಲಿಗರ ಒಳಗೇ ಗೋರೆ, ಕಾಳೆ, ಅಂದರೆ ಬಿಳಿಯರು, ಕರಿಯರು ಅಂತ ಭೇದ ಇತ್ತು. ಇಸ್ರೇಲಿಗೆ ಹೋದ ಮೇಲೂ 1962ರಲ್ಲಿ ಅಲ್ಲಿನ ಧರ್ಮಗುರುಗಳು ಇವರ ಮದುವೆಗೆ ಮುಂಚೆ ವಂಶ ವಿಚಾರಿಸಬೇಕು ಅಂದರು. ಇವರು ಬೀದಿಗಿಳಿದು ಧರಣಿ ಕೂತರು. 1964ರಲ್ಲಿ ಅಲ್ಲಿನ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ಹೇಳಬೇಕಾಯಿತು. ಇದನ್ನು ಹೇಳುವಾಗ ಮಾವ್ಶಿಯ ದನಿ ಈಗಲೂ ಗಡುಸಾಗುತ್ತದೆ. ನಮ್ಮಲ್ಲೂ ಊರು ಯಾವುದು ಅಂತ ಕೇಳಿ, ಆಮೇಲೆ ಪಂಗಡ ಯಾವುದು ಅಂತ ಕೇಳುವವರು ಕಮ್ಮಿಯಿಲ್ಲ. ಜಾತಿಗೊಂದು ಸಂಘ ಕಟ್ಟಿಕೊಂಡು ಕನ್ನಡಕ್ಕೆ ಜನ ಸಾಲದು ಅಂದರೆ ಹೇಗೆ?

ನಮ್ಮೂರ ಕಡೆಗೂ ಇವರಿಗೂ ಒಂದು ಹಳೆಯ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸ್ಯಾಮ್ಯುಯಲ್ ಎಜೆಕಿಯಲ್ ದಿವೇಕರ್ ಟಿಪ್ಪುವಿನ ಕೈಗೆ ಸೆರೆಸಿಕ್ಕ. ಅವನು ಬೆನೆ ಇಸ್ರೇಲ್ ಅಂತ ತಿಳಿದು ಟಿಪ್ಪುವಿನ ತಾಯಿ ಪ್ರಾಣ ಉಳಿಸಿದರು ಅಂತ ಅವರಲ್ಲಿ ಹೇಳಿಕೆ. ಬದುಕಿ ವಾಪಸು ಹೋದರೆ ದೇವರಿಗೆ ಮನೆ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದನಂತೆ. 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ. ಅದೇ ಮುಂಬಯಿಯ ಮೊದಲ ಸಿನಗಾಗ್, ‘ಕರುಣೆಯ ಬಾಗಿಲು’. ಜನ ಅದನ್ನೂ ಮಸೀದಿ ಅಂತಲೇ ಕರೆಯುತ್ತಿದ್ದರು. ಹತ್ತಿರದ ಮಸ್ಜಿದ್ ಸ್ಟೇಷನ್ನಿಗೆ ಹೆಸರು ಬಂದದ್ದು ಅದರಿಂದ ಅನ್ನುತ್ತಾರೆ. ಆ ಸ್ಟೇಷನ್ ದಾಟುವಾಗ ಈಗ ನನಗೆ ಶ್ರೀರಂಗಪಟ್ಟಣದ ಕೋಟೆ ನೆನಪಾಗುತ್ತದೆ.

2023ರ ಅಕ್ಟೋಬರ್ 7 ಶನಿವಾರ. ಮಾವ್ಶಿ ಶನಿವಾರ ಫೋನ್ ಮುಟ್ಟುವುದಿಲ್ಲ. ಅವರ ಮಗಳು ಇರೋದು ಇಸ್ರೇಲಿನ ಅಷ್ದೋದ್‌ನಲ್ಲಿ. ಅಲ್ಲಿ ಹಮಾಸ್ ದಾಳಿಯಾದ ಸುದ್ದಿ ನೋಡಿ ನಾನೇ ಹೋಗಿ ಬಾಗಿಲು ತಟ್ಟಿದೆ. ಅವತ್ತು ಅವರು ಫೋನ್ ಹಿಡಿದರು. ಕೈ ನಡುಗುತ್ತಿತ್ತು. ಮಗಳು ಮಕ್ಕಳ ಜೊತೆ ಬಂಕರ್‌ನಲ್ಲಿದ್ದಳು, ಮಾತಿಗೆ ಸಿಕ್ಕಿದಳು. ಆಮೇಲಿನ ತಿಂಗಳುಗಳಲ್ಲಿ ಗಾಜಾದ ಮಕ್ಕಳ ಚಿತ್ರ ಟಿವಿಯಲ್ಲಿ ಬಂದಾಗಲೂ ಅವರು ಅತ್ತದ್ದನ್ನು ನಾನು ನೋಡಿದ್ದೇನೆ. ಆದರೆ ಲಿಫ್ಟಿನಲ್ಲಿ ಒಬ್ಬರು, "ನಿಮ್ಮವರು ಏನು ಮಾಡ್ತಿದ್ದಾರೆ ನೋಡಿ" ಅಂದರು. ಇನ್ನೊಬ್ಬರು, "ನಿಮ್ಮವರು ಸರಿಯಾಗಿ ಬುದ್ಧಿ ಕಲಿಸಿದರು" ಅಂತ ಬೆನ್ನು ತಟ್ಟಿದರು. ಎರಡೂ ಮಾತಿಗೆ ಅವರು ಮುಖ ತಿರುಗಿಸಿದರು. ಠಾಣೆಯ ಸಿವಿಲ್ ಆಸ್ಪತ್ರೆಯಲ್ಲಿ ಹುಟ್ಟಿದ ಹೆಂಗಸು ಯಾವ ಸರ್ಕಾರದ ಪರವಾಗಿ ಉತ್ತರ ಕೊಡಬೇಕು?

ಆ ಮಾತು ನನಗೆ ತಟ್ಟನೆ ಅರ್ಥ ಆಯಿತು. 2022ರ ಡಿಸೆಂಬರಿನಲ್ಲಿ ಬೆಳಗಾವಿ ಗಡಿ ಗಲಾಟೆ ಎದ್ದು, ಅಲ್ಲಿ ಮಹಾರಾಷ್ಟ್ರದ ಲಾರಿಗೆ ಕಲ್ಲು, ಪುಣೆಯಲ್ಲಿ ಕರ್ನಾಟಕದ ಬಸ್ಸಿಗೆ ಕಪ್ಪು ಮಸಿ ಬಿದ್ದಾಗ ನನ್ನನ್ನೂ ಇದೇ ಲಿಫ್ಟಿನಲ್ಲಿ "ತುಮ್ಚೇ ಲೋಕ್" ಅಂದಿದ್ದರು. ನಿಮ್ಮ ಜನ. ಅವತ್ತು ಬಾಗಿಲು ತಟ್ಟಿ "ಊಟ ಆಯ್ತಾ ಬಾಳಾ" ಅಂತ ಕೇಳಿದ್ದು ಮಾವ್ಶಿ.

ಇಸ್ರೇಲಿನಲ್ಲಿ ಅವರ ಮಗಳು ಈಗ ನಮ್ಮ ಹಾಗೇ ಹೊರನಾಡಿನವಳು. ಅಲ್ಲಿ ಬೆನೆ ಇಸ್ರೇಲಿಗರು ‘ಮಾಯಬೋಲಿ’ ಅಂತ ಮರಾಠಿ ಪತ್ರಿಕೆ ತಂದರು. ಅಷ್ದೋದ್, ದಿಮೋನಾ, ಬೀರ್‌ಶೇವಾಗಳಲ್ಲಿ ಪೋಹೆ, ಪೂರಣಪೋಳಿ ಸಿಗುತ್ತವೆ. ಠಾಣೆಯಲ್ಲಿ ಯಹೂದಿಯಾಗಿ ಉಳಿಯಲು ಹೆಣಗಿದವರು ಅಲ್ಲಿ ಮರಾಠಿಗರಾಗಿ ಉಳಿಯಲು ಹೆಣಗುತ್ತಿದ್ದಾರೆ. ಮೊಮ್ಮಕ್ಕಳು ಬರೀ ಹೀಬ್ರೂ ಮಾತಾಡುತ್ತಾರೆ ಅಂತ ಮಾವ್ಶಿಗೆ ಕೊರಗು. ಅದಕ್ಕೆ ಪ್ರತಿ ಭಾನುವಾರ ವಿಡಿಯೋದಲ್ಲಿ ಒಂದು ಮರಾಠಿ ಕಥೆ ಹೇಳುತ್ತಾರೆ. ಕಥೆ ಪೂರ್ತಿ ಆಗದೆ ಕರೆ ಕತ್ತರಿಸುವ ಹಾಗಿಲ್ಲ.

ಹೋದ ವರ್ಷದಿಂದ ನಾವೂ ಒಂದು ಶುರು ಮಾಡಿದ್ದೇವೆ. ನಮ್ಮ ಸೊಸೈಟಿ, ಪಕ್ಕದ ಸೊಸೈಟಿ ಸೇರಿ ಆರು ಕನ್ನಡ ಮನೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಯ ಚಾಪೆ ಮೇಲೆ ಮಕ್ಕಳು ಸೇರುತ್ತಾರೆ. ಒಂದು ಪುಟ ಕನ್ನಡ ಓದಬೇಕು, ಊರಲ್ಲಿರುವ ಅಜ್ಜಿಗೋ ತಾತನಿಗೋ ಫೋನ್ ಮಾಡಿ ಅದನ್ನು ಓದಿ ಹೇಳಬೇಕು. ಶಾಲಿಲ್ಲ, ಹಾರವಿಲ್ಲ. ಒಂದೇ ನಿಯಮ ಇಟ್ಟಿದ್ದೇವೆ, ಐದು ಮಕ್ಕಳು ಸೇರದಿದ್ದರೆ ಪುಸ್ತಕ ತೆಗೆಯುವ ಹಾಗಿಲ್ಲ. ಹೆಣ್ಣು ಗಂಡು ಅಂತ ಲೆಕ್ಕವಿಲ್ಲ, ಯಾವ ಪಂಗಡ ಅಂತಲೂ ಕೇಳುವುದಿಲ್ಲ.

ಮೊನ್ನೆ ಭಾನುವಾರ ಜೋರು ಮಳೆ. ಹತ್ತೂಕಾಲಾದರೂ ನಾಲ್ಕೇ ಜನ. ಬಾಗಲಕೋಟೆ ಕಡೆಯ ಮನೆಯ ಹುಡುಗ, ಏಳನೇ ಕ್ಲಾಸಿನವನು, ಬಂದಿರಲಿಲ್ಲ. ನನ್ನ ಮಗಳೇ ಛತ್ರಿ ಹಿಡಿದು ಹೋದಳು. ಬಾಗಿಲಲ್ಲಿ ನಿಂತು ಅವಳು ಕನ್ನಡದಲ್ಲೇ ಹೇಳಿದಳಂತೆ, "ನಾಲ್ಕೇ ಜನ ಇದೀವಿ ಕಣೋ, ನೀನು ಬಂದ್ರೇನೇ ಶುರು ಮಾಡೋದು." ಹತ್ತೂವರೆಗೆ ಇಬ್ಬರೂ ಒಂದೇ ಛತ್ರಿಯಡಿ ಬಂದರು. ಹುಡುಗನ ಪ್ಯಾಂಟು ಮೊಣಕಾಲವರೆಗೂ ನೆಂದಿತ್ತು. ಬಾಗಿಲು ತೆರೆದೇ ಇತ್ತು, ಎದುರು ಮನೆಯಿಂದ ಮಾವ್ಶಿ ಟವೆಲ್ ತಂದುಕೊಟ್ಟರು.