ತೂಕವಿಲ್ಲದ ಸರಕಿನ ದರ

ತೆಂಗಿನಕಾಯಿಗೆ ತಿಪಟೂರಿನಲ್ಲಿ ಒಂದು ದರ, ಬೆಂಗಳೂರಿನಲ್ಲಿ ಇನ್ನೊಂದು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಲಾರಿ ಬಾಡಿಗೆ, ಹಮಾಲಿ, ದಲ್ಲಾಳಿಯ ಪಾಲು ಎಲ್ಲ ಸೇರಬೇಕಲ್ಲ. ಆದರೆ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಹಾಡಿಗೆ ತೂಕವಿಲ್ಲ, ಹೊರುವವರು ಬೇಕಿಲ್ಲ, ದಾರಿಯಲ್ಲಿ ಕೊಳೆಯುವ ಭಯವೂ ಇಲ್ಲ. ಆದರೂ ದೇಶದಿಂದ ದೇಶಕ್ಕೆ ಅದರ ಬೆಲೆ ಬೇರೆ.

ಆಪಲ್ ಕಂಪನಿ 2003ರಲ್ಲಿ ಅಮೆರಿಕದಲ್ಲಿ ಐಟ್ಯೂನ್ಸ್ ಎಂಬ, ಅಂತರ್ಜಾಲದಲ್ಲಿ ಹಾಡು ಮಾರುವ ಅಂಗಡಿ ತೆರೆದಾಗ ಹಾಡೊಂದಕ್ಕೆ 99 ಸೆಂಟ್. ಮರುವರ್ಷ ಫ್ರಾನ್ಸ್, ಜರ್ಮನಿಗಳಲ್ಲೂ 99 ಸೆಂಟೇ. ಡಾಲರಿನದಲ್ಲ, ಅದಕ್ಕಿಂತ ತುಟ್ಟಿಯಾದ ಯೂರೋವಿನದು! ಬ್ರಿಟನ್ನಿನಲ್ಲಿ 79 ಪೆನ್ಸ್. ಅಂಕಿ ಚಿಕ್ಕದು, ವಿನಿಮಯದ ಲೆಕ್ಕ ಹಾಕಿದರೆ ಮೂರರಲ್ಲಿ ಅದೇ ದುಬಾರಿ. ಲಂಡನ್ನಿನವರಿಗೂ ಪ್ಯಾರಿಸ್ಸಿನವರಿಗೂ ಮಾರುತ್ತಿದ್ದುದು ಲಕ್ಸೆಂಬರ್ಗಿನ ಒಂದೇ ಕಂಪನಿ. ಲಂಡನ್ನಿನವನು ಪ್ಯಾರಿಸ್ಸಿನ ದರಕ್ಕೆ ಕೊಳ್ಳಲು ಹೊರಟರೆ ಕ್ರೆಡಿಟ್ ಕಾರ್ಡಿನ ವಿಳಾಸ ಬಾಗಿಲಲ್ಲೇ ತಡೆಯುತ್ತಿತ್ತು. ಸರಕು ಗಾಳಿಯಲ್ಲಿ ಹಾರಿ ಬರುತ್ತದೆ, ಗಿರಾಕಿಗೆ ಮಾತ್ರ ಗಡಿ. ಬ್ರಿಟನ್ನಿನ ಗ್ರಾಹಕ ಸಂಘಟನೆಯೊಂದು ದೂರು ಕೊಟ್ಟು, ಅದು ಐರೋಪ್ಯ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ನಿನವರೆಗೂ ಹೋಗಿ, 2008ರ ಜನವರಿಯಲ್ಲಿ ಆಪಲ್ ಆರು ತಿಂಗಳಲ್ಲಿ ಬ್ರಿಟನ್ನಿನ ದರ ಇಳಿಸುವುದಾಗಿ ಮಾತು ಕೊಟ್ಟಿತು. ಕೆಲವು ಧ್ವನಿಮುದ್ರಣ ಕಂಪನಿಗಳೇ ಅಲ್ಲಿ ಹೆಚ್ಚು ಕೇಳುತ್ತವೆ ಎಂದು ಗೊಣಗಿಕೊಂಡೇ.

ನಮ್ಮ ದೇಶಕ್ಕೆ ಆ ಅಂಗಡಿ ಬಂದದ್ದು 2012ರ ಡಿಸೆಂಬರಿನಲ್ಲಿ: 7, 12, 15 ರೂಪಾಯಿಗಳ ಹಾಡುಗಳು. ಆಗ ಡಾಲರಿಗೆ ಸುಮಾರು 55 ರೂಪಾಯಿ. ಅಮೆರಿಕದ ಸ್ಯಾನ್ ಹೊಸೆಯಲ್ಲಿರುವ ನನ್ನ ಸೋದರಳಿಯನಿಗೆ ಹೊಟ್ಟೆ ಉರಿಯಿತು. "ಮಾವ, ಕನ್ನಡದ ಹಾಡಿಗೆ ಕನ್ನಡಿಗನಾದ ನಾನು ನಾಲ್ಕು ಪಟ್ಟು ಕೊಡಬೇಕೇ?" ಎಂದು ಫೋನಿನಲ್ಲೇ ನ್ಯಾಯ ಕೇಳಿದ. ಕಂಪನಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತೆಂದು ನಾನೇನೂ ನಂಬಿಲ್ಲ. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ನೂರಾರು ಹಾಡು ತುಂಬಿದ ಕಳ್ಳ ಎಂಪಿ3 ಸಿಡಿಗಳು ರಾಶಿ ಬಿದ್ದಿರುತ್ತಿದ್ದ ಊರಿನಲ್ಲಿ ಹಾಡಿಗೆ ಐವತ್ತು ರೂಪಾಯಿ ಎಂದಿದ್ದರೆ ಅಂಗಡಿಯ ಕಡೆ ಯಾರು ತಿರುಗಿ ನೋಡುತ್ತಿದ್ದರು? ಅಗ್ಗಕ್ಕೆ ಕಾರಣ ಆ ಫುಟ್‌ಪಾತಿನವನು.

ಅಲ್ಲದೆ ಅಗ್ಗ ಎಂಬುದೇ ನನಗೆ ಅನುಮಾನ. ದರ್ಶಿನಿಯ ಒಂದು ಕಾಫಿಗೆ ಆ ಹನ್ನೆರಡು ರೂಪಾಯಿ ಹೆಚ್ಚುಕಡಿಮೆ ಸಾಟಿಯಾಗಿತ್ತು. ಸೋದರಳಿಯನ ಊರಿನಲ್ಲಿ 99 ಸೆಂಟಿಗೆ ಅರ್ಧ ಕಾಫಿಯೂ ಕಷ್ಟ. ಡಾಲರಿನಲ್ಲಿ ಅಳೆದರೆ ನಾನು ಭಾಗ್ಯವಂತ, ಕಾಫಿಯಲ್ಲಿ ಅಳೆದರೆ ಅವನು. ಈ ಲೆಕ್ಕ ಒಪ್ಪಿಸಿದಾಗ ಅವನು ಸದ್ಯಕ್ಕೆ ಸುಮ್ಮನಾದ.

ಆಮೇಲೆ ಹಾಡನ್ನು ಕೊಳ್ಳುವುದೇ ಹೋಗಿ ತಿಂಗಳ ಬಾಡಿಗೆಗೆ ಕೇಳುವ ಕಾಲ ಬಂತು. 2019ರಲ್ಲಿ ಅಂಥ ಬಾಡಿಗೆಯ ಕಂಪನಿ ಸ್ಪಾಟಿಫೈ ಇಲ್ಲಿಗೆ ಬಂದಾಗ ತಿಂಗಳಿಗೆ 119 ರೂಪಾಯಿ, ಅಮೆರಿಕದಲ್ಲಿ 9.99 ಡಾಲರ್, ಅಂದರೆ ಏಳುನೂರು ರೂಪಾಯಿ. ಸೋದರಳಿಯನ ಫೋನ್ ಮತ್ತೆ ಬಂತು. ನಾನು ಕಾಫಿಯ ಲೆಕ್ಕ ತೆಗೆಯುವ ಮೊದಲೇ, "ಅದೆಲ್ಲ ಇರಲಿ ಮಾವ, ನಿಮ್ಮ ಖಾತೆಯ ಪಾಸ್‌ವರ್ಡ್ ಏನು?" ಎಂದ.