ಸೊಂಟದಲ್ಲಿ ಕಾಣುವ ಪಿಸ್ತೂಲು: ಒಂದು ಸ್ಪಷ್ಟನೆ

'ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡಬಹುದು. ಇಸ್ತ್ರಿ ಮಾಡಿದ ಶರ್ಟು, ನೀಟಾದ ಶೂ ಹಾಕಿದ್ದರೆ ಪೊಲೀಸರೂ ಕೇಳುವುದಿಲ್ಲ' ಎಂಬ ಮೆಸೇಜನ್ನು ಮೊನ್ನೆ ನಾನೂ ಎರಡು ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು. ಓದದೆ ಕಳಿಸಿದ್ದು ನನ್ನದೇ ಎಡವಟ್ಟು.

2016ರ ಆಯುಧ ನಿಯಮಗಳ 32ನೇ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಬಂದೂಕು, ಪಿಸ್ತೂಲು ಯಾವುದೇ ಇರಲಿ, ಪೂರ್ತಿ ಮುಚ್ಚಿರಬೇಕು. ಪಿಸ್ತೂಲಾದರೆ ಹೋಲ್‌ಸ್ಟರ್‌ನಲ್ಲೋ (ಪಿಸ್ತೂಲಿನ ಒರೆ) ಬೆನ್ನಚೀಲದಲ್ಲೋ ಇರಬೇಕು, ಹಿಡಿತ ತಪ್ಪಬಾರದು. ಝಳಪಿಸುವಂತೆಯೇ ಇಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ, ಆಯುಧ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಶರ್ಟಿನ ಇಸ್ತ್ರಿಗೆ ಕಾನೂನಿನಲ್ಲಿ ರಿಯಾಯಿತಿ ಇಲ್ಲ!

ಈ ಡ್ರೆಸ್ಸಿನ ಸಲಹೆ ಅಮೆರಿಕದ್ದು ಅನಿಸುತ್ತದೆ. ಅಲ್ಲಿ ಹಲವು ರಾಜ್ಯಗಳಲ್ಲಿ ಬಹಿರಂಗವಾಗಿ ಬಂದೂಕು ಒಯ್ಯಬಹುದು. ಜನ ಬೆದರದಿರಲೆಂದು ಉಡುಪಿನ ಮಾತು ಬರುತ್ತದೆ.

ಮೆಸೇಜಿನ ಜೊತೆ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟು ಕೋವಿ ಹಿಡಿದವರ ಫೋಟೊ ಇದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಸಂಬಂಧಿಸಿದ್ದು; 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದೂ ಅದನ್ನೇ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಪೂಜಿಸುವ ಕೋವಿಗೂ ಪೇಟೆಯಲ್ಲಿ ಪಿಸ್ತೂಲು ತೋರಿಸಿಕೊಂಡು ತಿರುಗುವುದಕ್ಕೂ ಎಲ್ಲಿಂದೆಲ್ಲಿಯ ನಂಟು?

ನನ್ನಿಂದ ಬಂದ ಮೆಸೇಜ್ ಇದ್ದರೆ ದಯವಿಟ್ಟು ಅಳಿಸಿಬಿಡಿ, ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.